ಬಾಯಿ ಬಿಡದ ನಾಯಕಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮುಚ್ಚಿದ ಬಾಯಿ.

ಅದು ಅಂಚೆ ಗುಮಾಸ್ತನ ಕಾದಂಬರಿಯ ನಾಯಕಿಯದು. ಅವನು ಒಂಬತ್ತು ವರ್ಷ ಕೂತು ಬರೆದ ನಾನೂರು ಪುಟಗಳಲ್ಲಿ ಆ ಹುಡುಗಿ ಒಂದೇ ಒಂದು ಮಾತೂ ಆಡುವುದಿಲ್ಲ. ಅಪ್ಪ ಸತ್ತಾಗಲೂ ಇಲ್ಲ, ಮದುವೆ ಮುರಿದಾಗಲೂ ಇಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಅಡಗಿರುವಂತೆ, ಕಾದಂಬರಿಯ ಪ್ರಾಣ ಆ ಮೌನದಲ್ಲಿದೆ ಎಂದು ಗುಮಾಸ್ತ ನಂಬಿದ್ದ. ಅದನ್ನು ಪೂರ್ತಿ ಓದಿದವನು ಹೆಂಡತಿಯ ತಮ್ಮನೊಬ್ಬನೇ. ಈಗ ಅವನೇ ಅದನ್ನು ಒಪೆರಾ ಮಾಡಲು ಹೊರಟಿದ್ದ.

ಭಾನುವಾರ ಬೆಳಿಗ್ಗೆ ಮೊದಲ ತಾಲೀಮು. ಸಭಾಂಗಣದ ಮೂಲೆಯಲ್ಲಿ ಗುಮಾಸ್ತನ ಹೆಂಡತಿ ಹೊಲಿಗೆ ಯಂತ್ರ ಹಾಕಿಕೊಂಡು ಪಾತ್ರಧಾರಿಗಳ ಬಟ್ಟೆ ಹೊಲಿಯುತ್ತಿದ್ದಳು.

"ಒಪೆರಾ ಅಂದ್ರೆ ಎಲ್ಲಾನೂ ಹಾಡ್ಬೇಕು ಭಾವ," ಎಂದ ತಮ್ಮ. "'ಬಾಗಿಲು ಹಾಕು' ಅನ್ನೋದನ್ನೂ."

"ಏನು ಬೇಕಾದ್ರೂ ಹಾಡ್ಕೊಳ್ಳಿ. ನನ್ನ ನಾಯಕಿ ಮಾತ್ರ ಬಾಯಿ ಬಿಡಬಾರದು."

ಅಷ್ಟರಲ್ಲಿ ನಾಯಕಿಯ ಅಪ್ಪನ ಪಾತ್ರಧಾರಿ ಎದ್ದು ನಿಂತ. ಕಬ್ಬಿಣದ ಬೀರುವಿಗೆ ಕೈಕಾಲು ಬಂದಂಥ ಆಳು. ಗಂಟಲಿನ ದೆಸೆಯಿಂದ ಎಲ್ಲರ ಬಾಯಲ್ಲೂ ಗುಡುಗಣ್ಣ.

"ಏನ್ ಸ್ವಾಮಿ, ನನ್ನನ್ನ ಅರ್ಧ ವಾಕ್ಯದಲ್ಲಿ ಸಾಯಿಸಿಬಿಟ್ಟಿದ್ದೀರಿ! ಸಾಯೋಕೆ ನನಗೆ ಹದಿನೆಂಟು ನಿಮಿಷನಾದ್ರೂ ಬೇಡ್ವಾ? ಮಗಳ ತೊಡೆ ಮೇಲೆ ತಲೆ ಇಟ್ಟು, ಹಾಡ್ತಾ ಹಾಡ್ತಾ ಸಾಯ್ತೀನಿ."

"ಅವನಿಗೆ ಆಗೋದು ಹೃದಯಾಘಾತ ಕಣ್ರೀ!"

"ಆಗ್ಲಿ. ನಿಧಾನವಾಗಿ ಆಗ್ಲಿ."

ಗುಮಾಸ್ತ ಒಪ್ಪಿದ. ಮಧ್ಯಾಹ್ನದೊಳಗೆ ಮೇಷ್ಟ್ರಾಗಿದ್ದ ನಾಯಕ ಹಡಗಿನ ಕಪ್ತಾನನಾದ, ಏಕೆಂದರೆ ಹಳೆಯ ನಾಟಕವೊಂದರ ಕಪ್ತಾನನ ಟೋಪಿ ಉಳಿದಿತ್ತು. ಕಾದಂಬರಿಯಲ್ಲಿದ್ದ ಪಕ್ಕದ ಮನೆಯ ಮುದುಕಿ ಹನ್ನೆರಡು ಜನರ ಮೇಳವಾದಳು. ನಾನೂರು ಪುಟ ನೀರಲ್ಲಿ ಬಿದ್ದ ಸೋಪಿನ ಬಿಲ್ಲೆಯಂತೆ ಕರಗುತ್ತಿತ್ತು. ಗುಮಾಸ್ತ ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ತಲೆಯಾಡಿಸಿದ. ಆ ಮೌನ ಒಂದು ಉಳಿದರೆ ಸಾಕಿತ್ತು.

ಮೂರು ಗಂಟೆಗೆ ನಾಯಕಿ ಪಾತ್ರದ ಗಾಯಕಿ ಬಂದಳು. ತನ್ನ ಪಾಲಿನ ಹಾಳೆ ತಿರುವಿದಳು. ಹಿಂದೆ ನೋಡಿದರೂ ಖಾಲಿ, ಮುಂದೆ ನೋಡಿದರೂ ಖಾಲಿ.

"ಮೂರು ಗಂಟೆ ಬಾಯ್ಮುಚ್ಕೊಂಡು ಕೂರೋಕೆ ನಾನೇನು ಸ್ಟೂಲಾ? ಕೊನೇಲಿ ಒಂದು ಹಾಡಾದ್ರೂ ಕೊಡಿ."

"ಒಂದು 'ಆ' ಕೂಡ ಇಲ್ಲ!" ಗುಮಾಸ್ತ ಜನ್ಮದಲ್ಲಿ ಮೊದಲ ಬಾರಿ ಮೇಜು ಗುದ್ದಿದ.

ಗಾಯಕಿ ಹೊರಟೇಹೋದಳು. ಅವಳು ಬಡಿದ ಬಾಗಿಲೂ ಶ್ರುತಿಯಲ್ಲೇ ಇತ್ತು.

ತಮ್ಮ ತಲೆ ಮೇಲೆ ಕೈಹೊತ್ತು ಕೂತ. "ಶನಿವಾರ ಪ್ರದರ್ಶನ! ಮೌನವಾಗಿ ಕೂರೋರನ್ನ ಎಲ್ಲಿಂದ ತರ್ಲಿ ಭಾವ?"

"ಅದೇನು ಮಹಾ? ಹಾಡೋಕೆ ಬರದೇ ಇರೋರು ಯಾರಾದ್ರೂ ಆದೀತು," ಎಂದ ಗುಮಾಸ್ತ, ಗೆದ್ದ ಗತ್ತಿನಲ್ಲಿ.

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಟೇಪು ಹಿಡಿದು ಎದ್ದು ಬಂದಳು.

"ಹೊರಗಿನೋರು ಯಾಕೋ? ನಮ್ಮನೇಲೇ ಒಬ್ಬರು ಹದಿನಾಲ್ಕು ವರ್ಷದಿಂದ ಇದೇ ತಾಲೀಮು ಮಾಡ್ತಿದ್ದಾರೆ." ಟೇಪು ಗಂಡನ ಹೊಟ್ಟೆಗೆ ಸುತ್ತಿಕೊಂಡಿತು. "ನಲವತ್ತೆರಡು. ಲಂಗಕ್ಕೆ ಬಟ್ಟೆ ಸೇರಿಸ್ಬೇಕು. ಮೀಸೆ ತೆಗೆಸ್ಬೇಕು."

ಗುಮಾಸ್ತ ಧೊಪ್ಪನೆ ಕುರ್ಚಿಯ ಮೇಲೆ ಕುಸಿದ. ಅದಕ್ಕೇ ಕಾದಿದ್ದವನಂತೆ ಗುಡುಗಣ್ಣ ಬಂದು ಅವನ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ ಪರೀಕ್ಷಿಸಿದ.

"ಆಹಾ, ಮೆತ್ತಗಿದೆ! ಹದಿನೆಂಟು ಸಾಲದು. ಇಪ್ಪತ್ತೈದು ನಿಮಿಷ ಸಾಯ್ತೀನಿ."

ಗುಮಾಸ್ತ ಬಾಯಿ ತೆರೆದ.

"ಶ್!" ತಮ್ಮ ತುಟಿಯ ಮೇಲೆ ಬೆರಳಿಟ್ಟ. "ನಾಯಕಿ ಮಾತಾಡಲ್ಲ ಭಾವ. ನೀವೇ ಬರ್ದಿದ್ದು."