ಮೊದಲು ಬಚ್ಚಲು ನೋಡಿ

“ಮನೆ ನೋಡಾಕೆ ಓದಾಗ ಮೊದ್ಲು ಬಚ್ಚಲು ನೋಡಿ. ಬೆಲೆ ಇಸ್ಯಕ್ಕೆ ಬಾಯಿ ಬುಡಬ್ಯಾಡಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಮತ್ತೆ ಏಳಲಿಲ್ಲ.

ನಮಗೆ ಒಬ್ಬಳೇ ಮಗಳು. ಆಗ ಅವಳಿಗೆ ಮೊದಲ ಬಸಿರು. ಬಾಣಂತನ ತವರಲ್ಲೇ ಆಗಬೇಕು. ನಮ್ಮದು ಮಂಡ್ಯದಲ್ಲಿ ಬಾಡಿಗೆ ಮನೆ. ನೀರು ಹುಯ್ಕೊಳ್ಳೋದು ಹಿತ್ತಲಲ್ಲಿ, ತೆಂಗಿನ ಗರಿ ಮರೆಯಲ್ಲಿ. ಹಸಿ ಬಾಣಂತಿಗೆ ಗಾಳಿ ಸೋಕಬಾರದು. ಅದಕ್ಕೇ ಸ್ವಂತ ಮನೆ, ಒಳಗೇ ಬಚ್ಚಲು ಅಂತ ಇಬ್ಬರೂ ದುಡಿದು ಕೂಡಿಟ್ಟಿದ್ದೆವು. ಮನೆ ಯಾವೂರಲ್ಲಾದರೂ ಸರಿ.

ನಾನು ಕಬ್ಬಿನ ಗಾಡಿ ಹೊಡೆಯೋನು. ಎತ್ತು ನೋಡೋದು ಗೊತ್ತು. ಮನೆ ನೋಡೋದು ಗೊತ್ತಿಲ್ಲ. ಹೋದ ಕಡೆಯೆಲ್ಲ ಏನಾದರೂ ಒಂದು ಆಗೋದು. ಕೇಳಿದವರು ನಗುತ್ತಾರೆ. ನನಗೆ ಇವತ್ತೂ ಮುಖ ಬಿಸಿಯಾಗುತ್ತದೆ.

ಮಂಡ್ಯದ ಮನೆ

ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಗಲಲ್ಲೂ ಮನೆ ಒಳಗೆ ಕತ್ತಲೆ. ಮನೆ ಮಾರುತ್ತಿದ್ದ ಯಜಮಾನರು “ಕಂಬ ನೋಡು, ತೊಲೆ ನೋಡು” ಅಂತಿದ್ದರು. ನಾನು ಹೆಂಡತಿ ಮಾತು ಮೀರಬಾರದು ಅಂತ ಯಾರನ್ನೂ ಕೇಳದೆ ನೆಟ್ಟಗೆ ಬಚ್ಚಲಿಗೆ ನುಗ್ಗಿದೆ.

ಬೆಚ್ಚಗಿತ್ತು. ಹೊಗೆ ತುಂಬಿತ್ತು. ಒಲೆ ಯಾಕೆ ಉರಿದಿದೆ ಅಂತ ನನಗೆ ಹೊಳೆಯಲಿಲ್ಲ. ಹಂಡೆ ಹೇಗಿದೆ ನೋಡೋಣ ಅಂತ ಕೈ ಚಾಚಿದೆ. ದುಂಡಗೆ, ನುಣ್ಣಗೆ ಸಿಕ್ಕಿತು. ಬಿರುಕು ಬಿಟ್ಟಿದೆಯೋ ಏನೋ ಅಂತ ಬೆರಳು ಮಡಿಸಿ ತಟ್ಟಿದೆ.

“ಯಾವನ್ಲಾ ಅವ್ನು ತಲೆ ಕುಟ್ಟೋನು!”

ಯಜಮಾನರ ಮಾವ. ಬೋಳು ತಲೆಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದರು. ಯಜಮಾನರು ಓಡಿ ಬಂದು, “ಏನಿಲ್ಲ ಮಾವ, ಮನೆ ತಕ್ಕೊಳೋರು, ನೋಡ್ತಾವ್ರೆ” ಅಂದರು.

ಮುದುಕ ಒಳಗಿಂದಲೇ ಕೇಳಿದರು: “ಮನೆ ಜೊತೆಗೆ ನನ್ನೂ ಮಾರ್ತಾ ಇದ್ದೀಯೇನ್ಲಾ ಅಳಿಯ?”

ಮದ್ದೂರಿನ ಮನೆ

ಇದು ಮೇಷ್ಟ್ರ ಮನೆ. ಈ ಸಲ ಬಾಗಿಲು ಬಡಿದು, ಕೆಮ್ಮಿ, ಆಮೇಲೆ ಬಚ್ಚಲಿಗೆ ಹೋದೆ. ಒಳ್ಳೆ ಬಚ್ಚಲು. ಮನಸ್ಸಾಯಿತು. ವ್ಯಾಪಾರಕ್ಕೆ ಕೂತೆವು.

ದನದ ಜಾತ್ರೆಯಲ್ಲಿ ನಾವು ಬೆಲೆ ಬಾಯಲ್ಲಿ ಆಡೋದಿಲ್ಲ. ಇಬ್ಬರ ಕೈ ಮೇಲೂ ಒಂದು ಟವಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಹೇಳೋದು. ನನಗೆ ಗೊತ್ತಿದ್ದ ವ್ಯಾಪಾರ ಅದೊಂದೇ. ಹೆಂಡತಿ ಬೇರೆ ಬಾಯಿ ಬಿಡಬೇಡ ಅಂದಿದ್ದಳು. ಹೆಗಲ ಮೇಲಿನ ಟವಲ್ಲು ತೆಗೆದು ಮೇಷ್ಟ್ರ ಕೈ ಮೇಲೆ ಹಾಕಿ, ಎರಡು ಬೆರಳು ಹಿಡಿದೆ.

ಮೇಷ್ಟ್ರು ಕೈ ಎಳೆದುಕೊಂಡರು. ಸಾಲದು ಅಂತಾರೆ ಅಂದ್ಕೊಂಡು ಮೂರು ಹಿಡಿದೆ. ಇನ್ನೂ ಎಳೆದರು. ಭಾರಿ ಗಟ್ಟಿ ಮನುಷ್ಯ ಅಂತ ಅಷ್ಟೂ ಬೆರಳು ಸೇರಿಸಿ ಅಮುಕಿದೆ.

“ಬಿಡಯ್ಯಾ, ಈ ಕೈಯಲ್ಲಿ ನಾಳೆ ಬೋರ್ಡಿನ ಮೇಲೆ ಬರೀಬೇಕು!” ಅಂತ ಕೂಗಿದರು.

ಮಜ್ಜಿಗೆ ತರುತ್ತಿದ್ದ ಅವರ ಹೆಂಡತಿ ಅಲ್ಲೇ ನಿಂತುಬಿಟ್ಟರು. “ಮನೆ ಮಾರೋದೇ ಬೇಡ ರೀ. ನಿಮ್ಮ ಬೆರಳು ಉಳಿದರೆ ಸಾಕು.”

ಟವಲ್ಲು ಅಲ್ಲೇ ಬಿಟ್ಟು ಬಂದೆ. ಕೇಳೋಕೆ ಮುಖ ಇರಲಿಲ್ಲ.

ಮಳವಳ್ಳಿಯ ಮನೆ

ಮನೆ ದಲ್ಲಾಳಿ ಒಬ್ಬ ಹೇಳಿದ: “ಒಬ್ಬಳು ಅಜ್ಜಿ ಅವ್ಳೆ. ಮೊಮ್ಮಗಳ ಮದುವೆ ಮಾಡಿ, ಮನೆ ಮಾರಿ, ಪೂರಿಗಾಲಿ ಊರಲ್ಲಿ ತಂಗಿ ಮನೆಗೆ ಓಯ್ತಾಳಂತೆ. ಕ್ಷೌರ ಮಾಡಿಸ್ಕೊಂಡು ಬಾ. ಹಣ್ಣು, ಹೂವು, ವೀಳ್ಯದೆಲೆ ತಕ್ಕೊ.”

ಬರಿಗೈಲಿ ಹೋಗಬಾರದು ಅಂತ ಅಂದಿರಬೇಕು ಅಂದ್ಕೊಂಡೆ. ತಕ್ಕೊಂಡೆ.

ಅಜ್ಜಿ ಚಾಪೆ ಹಾಸಿದರು. ವಯಸ್ಸು ಕೇಳಿದರು. ಕುಡೀತೀಯಾ ಅಂತ ಕೇಳಿದರು. ಮನೆ ಕೊಡೋರು ಇಷ್ಟೆಲ್ಲ ಕೇಳುತ್ತಾರಾ ಅನ್ನಿಸಿತು. ಕೇಳಲಿ ಅಂತ ಸುಮ್ಮನಿದ್ದೆ. ಮೊಮ್ಮಗಳು ಉಪ್ಪಿಟ್ಟು ತಂದಿಟ್ಟು ನನ್ನ ಕಾಲಿಗೆ ಬಿದ್ದಳು. ನನ್ನ ಮಗಳಿಗಿಂತ ಚಿಕ್ಕವಳು. ತಲೆ ಮೇಲೆ ಕೈಯಿಟ್ಟು, “ಒಳ್ಳೆ ಗಂಡ ಸಿಗ್ಲಿ ಕಣವ್ವ” ಅಂದೆ.

ಅಜ್ಜಿ ದಲ್ಲಾಳಿ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕೇಳಿದರು: “ಅಂಗಾದ್ರೆ ನೀನ್ಯಾಕ್ಲಾ ಬಂದೆ?”

“ಬಚ್ಚಲು ನೋಡಾಕೆ” ಅಂದೆ.

ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ದಲ್ಲಾಳಿ ನೆಲ ನೋಡುತ್ತಾ, “ಒಂದೇ ಓಡಾಟದಲ್ಲಿ ಎರಡೂ ಆಗೋಗ್ಲಿ ಅಂತ...” ಅಂದ. ಹೆಂಡತಿ ಹೋಗಿ ವರ್ಷ ತುಂಬಿರಲಿಲ್ಲ. ನಾನು ಹೂವು ತಕ್ಕೊಂಡು ಹೆಣ್ಣು ನೋಡಕ್ಕೆ ಬಂದು ಕೂತಿದ್ದೆ. ಕೂತಲ್ಲೇ ಕುಗ್ಗಿಹೋದೆ.

ಅಜ್ಜಿಗೆ ಎಲ್ಲ ಹೇಳಿದೆ. ಹೆಂಡತಿ ಮಾತು, ಮಗಳ ಬಸಿರು, ಎಲ್ಲ. ಅಜ್ಜಿ ಕೇಳಿಸಿಕೊಂಡು ಅಂದರು: “ಅಲ್ಲ ಕಣ್ಲಾ, ಬಚ್ಚಲು ಸಿಕ್ತು ಅನ್ನು. ಬಾಣಂತಿಗೆ ನೀರು ಉಯ್ಯೋರು ಯಾರು? ನೀನಾ?”

ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ನನ್ನ ಹೆಂಡತಿಯೇ ಹುಯ್ಯುತ್ತಾಳೆ ಅಂತ ಎಲ್ಲೋ ಮನಸ್ಸಲ್ಲಿ ಇದ್ದಿರಬೇಕು. ಉಪ್ಪಿಟ್ಟು ಬಿಟ್ಟು ಎದ್ದು ಬಂದೆ. ಹೊತ್ತು ಮುಳುಗಿತ್ತು, ಮಂಡ್ಯ ದೂರ. ಸಂತೆ ಮಾಳದಲ್ಲೇ ಗಾಡಿ ಬಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ಒಬ್ಬನೇ ತಿರುಗಿ ಅಲ್ಲಿಗೆ ಹೋದೆ. ಅಜ್ಜಿ ಬಾಗಿಲಿಗೆ ನೀರು ಹಾಕುತ್ತಿದ್ದರು. ತಲೆ ಎತ್ತದೆ ಹೇಳಿದೆ:

“ಮನೆ ತಕ್ಕೊತೀನಿ ಅಜ್ಜಿ. ನೀವು ಮಾತ್ರ ಖಾಲಿ ಮಾಡಬ್ಯಾಡಿ.”