ಕೈ ತೊಳೆಯಲೊಂದು ಗಿಡ

ನಮ್ಮ ದೊಡ್ಡಮ್ಮನಿಗೆ ನೆಂಟರು ಬೇಕಾಗಿರುವುದು ಅವರು ಕೈಕಾಲು ತೊಳೆದ ನೀರಿಗಾಗಿ ಮಾತ್ರ! ಸುಳ್ಳು ಎನ್ನುವವರು ಬೈರಕೂರಿನ ಅವಳ ಮನೆಗೆ ಒಮ್ಮೆ ಊಟಕ್ಕೆ ಹೋಗಿ ಬನ್ನಿ.

ಹಿತ್ತಲಲ್ಲಿ ಒಬ್ಬೊಬ್ಬ ನೆಂಟರಿಗೂ ಒಂದೊಂದು ಗಿಡ. ಸೋದರಮಾವನಿಗೆ ನುಗ್ಗೆ, ಅತ್ತೆಗೆ ಕರಿಬೇವು, ನನಗೆ ನಿಂಬೆ. ಏನು ತೊಳೆದರೂ ಅವರವರ ಗಿಡದ ಬುಡದಲ್ಲೇ. "ಬೋರು ನಿಮ್ಮಪ್ಪ ಹಾಕ್ಸಿದ್ದಾ? ಒಂದೇ ನೀರು ಎರಡು ಕೆಲ್ಸ ಮಾಡ್ಬೇಕು ಕಣೇ" ಎನ್ನುತ್ತ ಚೊಂಬಿನಿಂದ ಅವಳೇ ಹುಯ್ಯುತ್ತಾಳೆ. ಎರಡು ಬೊಗಸೆ ಆಗುವಷ್ಟರಲ್ಲಿ "ಸಾಕು!" ಸಾಕು ಎಂದರೆ ಕೇಳದವರಿಗೆ ತೆಲುಗಿನಲ್ಲಿ "ಚಾಲು!" ಸೋಪು? ಕೇಳಲೇಬೇಡಿ. "ಗಿಡಕ್ಕೆ ಯಾಕೆ ನೊರೆ ಕುಡಿಸ್ತೀಯ?" ಎಂದು ಸೀಗೆಪುಡಿ ಕೊಡುತ್ತಾಳೆ.

ಅವಳ ಮಗಳನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನವರು ಬಂದಿದ್ದರು. ಮಾವಿನ ಮಂಡಿಯವರು, ಜೋರಾದ ಕುಳ. ಉಪ್ಪಿಟ್ಟು, ಕೇಸರಿಬಾತ್ ಮುಗಿಸಿದ ಹುಡುಗ ಎಂಜಲುಗೈ ಹಿಡಿದು ದಾಳಿಂಬೆ ಗಿಡದ ಹತ್ತಿರ ಹೋದ. ದೊಡ್ಡಮ್ಮ ಅಡ್ಡ ನಿಂತಳು.

"ಅದು ಅಳಿಯನ ಗಿಡ ಕಣಪ್ಪ. ಇನ್ನೂ ಮಾತುಕತೆ ಮುಗಿದಿಲ್ಲ. ಸದ್ಯಕ್ಕೆ ಬದನೆ ಪಾತೀಗೆ ಹೋಗಪ್ಪ."

ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಹುಡುಗ ನಗುತ್ತ ಬದನೆ ಪಾತಿಯಲ್ಲೇ ಕೈ ತೊಳೆದ. ಆಮೇಲೆ ದಾಳಿಂಬೆಯೂ ಅವನದಾಯಿತು, ಮಗಳೂ ಅವನವಳಾದಳು!

ಹೋದ ಬೇಸಿಗೆಯಲ್ಲಿ ನಾನು ಕೋಲಾರದ ಆಸ್ಪತ್ರೆ ಸೇರಿದೆ. ದೊಡ್ಡ ಆಪರೇಷನ್ನು. ಉಳಿಯುತ್ತೇನೋ ಇಲ್ಲವೋ ಎಂದು ಮನೆಯವರಿಗೇ ಅನುಮಾನ. ದೊಡ್ಡಮ್ಮನಿಗೆ ಕಾಲುನೋವು, ಬಸ್ಸು ಹತ್ತಲಾರಳು. ದಿನಾ ಫೋನು ಮಾಡುತ್ತಿದ್ದಳು. ಏನಂತ? "ಹೆಂಗಿದೀಯ" ಅಂತಲೇ? ಉಹುಂ! "ನಿನ್ನ ನಿಂಬೆ ಚಿಗುರಿದೆ ಕಣೇ" ಎಂದು ಇಟ್ಟುಬಿಡುವಳು. "ನಾನಿಲ್ಲಿ ಸಾಯ್ತಿದೀನಿ, ಇವಳಿಗೆ ನಿಂಬೆಕಾಯಿ ಚಿಂತೆ!" ಎಂದು ನರ್ಸಿನ ಎದುರಿಗೇ ಬೈದೆ.

ಓಡಾಡುವಂತಾದ ಮೇಲೆ ಬೈರಕೂರಿಗೆ ಹೋದೆ. ಬೋರು ಕೈಕೊಟ್ಟಿತ್ತು. ಕುಡಿಯುವುದಕ್ಕೂ ಟ್ಯಾಂಕರ್ ನೀರು. ನುಗ್ಗೆ ಬೋಳಾಗಿತ್ತು, ಕರಿಬೇವು ಬರೀ ಕಡ್ಡಿ, ಅಳಿಯನ ದಾಳಿಂಬೆಯೂ ಒಣಗಿತ್ತು. ನನ್ನ ನಿಂಬೆಯೊಂದೇ ಹಸಿರಾಗಿ ನಿಂತಿತ್ತು.

"ಇದೊಂದು ಹೆಂಗೆ ಉಳೀತು ದೊಡ್ಡಮ್ಮಾ?"

"ನೀನು ಬರ್ಲಿಲ್ವಲ್ಲ. ನಿನ್ನ ಪಾಲಿನ ಕೈಕಾಲು ನಾನೇ ತೊಳ್ಕೊಂಡೆ."

"ಸ್ನಾನಾನೂ ಇದರ ಬುಡದಲ್ಲೇ ಕಣಮ್ಮ" ಎಂದರು ದೊಡ್ಡಪ್ಪ. "ನನ್ನನ್ನೂ ಎಳ್ಕೊಂಡು ಬಂದು ಇಲ್ಲೇ ಕೂರಿಸ್ತಿದ್ಲು. ಇದು ಒಣಗಿದ್ರೆ ಎಲ್ಲಿ ನೀನೂ..."

"ಸುಮ್ನಿರ್ರೀ!" ಎಂದು ಗದರಿದಳು ದೊಡ್ಡಮ್ಮ.

ಆಮೇಲೆ ಚೊಂಬು ತಂದು ನನ್ನ ಕೈಮೇಲೆ ನೀರು ಹುಯ್ಯತೊಡಗಿದಳು. ಎರಡು ಬೊಗಸೆ ಆಯಿತು, ಮೂರಾಯಿತು. ಸಾಕೂ ಇಲ್ಲ, ಚಾಲೂ ಇಲ್ಲ. ಟ್ಯಾಂಕರ್ ನೀರು ಹಾಗೇ ಸುರಿಯುತ್ತಲೇ ಇತ್ತು. ಕೊನೆಗೆ ನಾನೇ ಅವಳ ಕೈ ಹಿಡಿದುಕೊಂಡು, "ಚಾಲು ದೊಡ್ಡಮ್ಮಾ" ಎಂದೆ.