ವಿಲಾಯ್ತಿ ವಾಟೆ

ಬಸಮ್ಮ: ನಿಮ್ಮ ಲಂಡನ್ನು ಹಾಳಾಗಿ ಹೋಗ್ಲಿ. ನನ್ನ ತವರಿನ ಪೆಟ್ಟಿಗೆ ಎತ್ಕಂಡು ಮನಿಗೆ ನಡೀರಿ.

ಗಂಗಾಧರಪ್ಪ: ತಡಿಯೇ. ಹಣ್ಣು ತಿಂದು ಖುಷಿಯಾಗಿ ಏನೋ ಕಳಿಸವ್ರೆ. ಇಲ್ದಿದ್ರೆ ಪೆಟ್ಟಿಗೆ ಯಾಕೆ ವಾಪಸ್ ಬರ್ತಿತ್ತು?

ಚಿಕ್ಕಜಾಜೂರು ಸ್ಟೇಷನ್ನಿನ ಗೂಡ್ಸ್ ಷೆಡ್ಡು. ಬಿ.ದುರ್ಗದ ಗಂಗಾಧರಪ್ಪನವರು ಒಂದು ಕಡೆ, ಅವರ ಧರ್ಮಪತ್ನಿ ಬಸಮ್ಮನವರು ಇನ್ನೊಂದು ಕಡೆ, ನಡುವೆ ಹಿತ್ತಾಳೆ ಪಟ್ಟಿಯ ತೇಗದ ಪೆಟ್ಟಿಗೆ. ಹೋದ ವರ್ಷ ಇವರ ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದ ಸರ್ವೇ ಸಾಹೇಬನೊಬ್ಬ ಹಣ್ಣು ತಿಂದು, ‘ಇದು ಲಂಡನ್ನಿನಲ್ಲಿ ಮಾರಬೇಕಾದ ಹಣ್ಣು, ನಾನು ರಜೆಗೆ ಹೋದಾಗ ಅಲ್ಲಿಗೆ ಕಳಿಸು’ ಎಂದು ವಿಳಾಸ ಕೊಟ್ಟುಬಿಟ್ಟಿದ್ದ. ಸಾಹೇಬರು ಹೊಟ್ಟೆ ತುಂಬಿದ ಮೇಲೆ ಆಡುವ ಮಾತನ್ನು ಎಷ್ಟು ನಂಬಬೇಕೆಂದು ಗಂಗಾಧರಪ್ಪನವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ವೈಶಾಖದಲ್ಲಿ ಮಾವು ತುಂಬಿದ ಪೆಟ್ಟಿಗೆಯನ್ನು ರೈಲಿಗೆ ಹಾಕಿದರು. ಹಾಕುವುದಕ್ಕೆ ಮೊದಲೇ ಊರಿಗೆಲ್ಲ ಸಾರಿದರು.

ಗುಮಾಸ್ತ ರಂಗಪ್ಪ ಮೂಗಿಗೆ ಟವೆಲ್ಲು ಹಿಡಿದುಕೊಂಡು ಬಂದ.

ರಂಗಪ್ಪ: ಲಂಡನ್ ಕಥೆ ಬಿಡ್ರಿ ಯಜಮಾನ್ರೇ. ಇದು ಬೊಂಬಾಯಿ ದಾಟಿಲ್ಲ. ಹಡಗಿನೋರು ಹತ್ತಿಸ್ಕಂಡಿಲ್ಲ. ನೋಡ್ರಿ, ಮ್ಯಾಲೆ ಕೆಂಪು ಚೀಟಿ ಅಂಟಿಸವ್ರೆ. ‘ಮಾಗಿದ ಹಣ್ಣು, ರಸ ಸೋರ್ತೈತೆ, ವಾಪಸ್’ ಅಂತ.

ಗಂಗಾಧರಪ್ಪ: ಸುಳ್ಳು. ನಾನು ತುಂಬಿದ್ದು ಕಲ್ಲಿನಂಥ ಕಾಯಿ. ಹಡಗಿನಾಗೆ ಹೋಗ್ತಾ ಹೋಗ್ತಾ ಹಣ್ಣಾಗ್ತವೆ ಅಂತ ಸಾಹೇಬ್ರೇ ಹೇಳಿದ್ರು.

ರಂಗಪ್ಪ: ಕಲ್ಲು ರಸ ಸೋರಿಸ್ತೈತೇನ್ರಿ?

ಬಸಮ್ಮನವರು ಸೆರಗು ಸರಿಮಾಡಿಕೊಂಡು ಹಳಿಗಳ ಕಡೆ ನೋಡತೊಡಗಿದರು. ಹೆಂಡತಿ ಹೀಗೆ ಬೇರೆ ಕಡೆ ನೋಡಿದರೆ ಏನೋ ನಡೆದಿದೆ ಎಂದು ಗಂಗಾಧರಪ್ಪನವರಿಗೆ ಗೊತ್ತು.

ಗಂಗಾಧರಪ್ಪ: ಏನೇ ಮಾಡಿದೆ?

ಬಸಮ್ಮ: ಬದಲಾಯ್ಸಿದೆ. ಯಾರ ಮನಿಗಾದ್ರೂ ಕಾಯಿ ಕಳಿಸ್ತಾರೇನ್ರಿ? ಬೀಗರ ಮನಿಗೆ ಕಳಿಸಿ ನೋಡ್ರಿ, ಬುಟ್ಟಿ ಸಮೇತ ಬೀದಿಗೆ ಎಸೀತಾರೆ. ಅಟ್ಟದ ಮ್ಯಾಲೆ ಹುಲ್ಲಿನಾಗೆ ಮಾಗಿದ್ವಲ್ಲ, ಅವನ್ನೇ ಆರಿಸಿ ಆರಿಸಿ ಇಟ್ಟೆ.

ಗಂಗಾಧರಪ್ಪ: ಲಂಡನ್ನೋರು ನಿನಗೆ ಬೀಗರೇನೇ?

ಬಸಮ್ಮ: ಬೀಗರಲ್ದೋರಿಗೆ ಇನ್ನೂ ಚೆನ್ನಾಗಿ ನಡ್ಕಬೇಕು. ಬಿ.ದುರ್ಗದಾಗೆ ಹೆಂಗಸ್ರೇ ಇಲ್ವಾ, ಹುಳಿಕಾಯಿ ಕಳಿಸವ್ರೆ ಅಂತ ಆ ಸಾಹೇಬನ ಹೆಂಡ್ತಿ ಕೇಳಿದ್ರೆ ಯಾರಿಗೆ ನಾಚಿಕೆ?

ಗಂಗಾಧರಪ್ಪ: ನನ್ನ ಕಾಯಿ ಎಲ್ಲಿ?

ಬಸಮ್ಮ: ಉಪ್ಪಿನಕಾಯಿ ಹಾಕಿದೆ. ದಿನಾ ಎರಡೆರಡು ಸಲ ಬಡಿಸ್ಕಂಡು, ಈ ವರ್ಷದ್ದು ಬಲು ರುಚಿ ಅಂತಿದ್ರಲ್ಲ, ಅದೇ.

ಲಂಡನ್ನಿನ ಪೇಟೆಯನ್ನು ತಾವೇ ಮುದ್ದೆಯ ಜೊತೆ ನಂಜಿಕೊಂಡು ತಿಂದು ಮುಗಿಸಿದ್ದು ತಿಳಿದು ಗಂಗಾಧರಪ್ಪನವರು ಮೂಟೆ ತೂಗುವ ತಕ್ಕಡಿಯ ಮೇಲೆ ಕುಳಿತುಬಿಟ್ಟರು.

ಗಂಗಾಧರಪ್ಪ: ಊರೊಳಗೆ ಹೆಂಗೆ ಹೋಗ್ಲೇ ನಾನು? ಆ ತಿಪ್ಪೇರುದ್ರಪ್ಪ ತನ್ನ ಅಂಗಡಿ ಮುಂದೆ ಕುಂತು ದಿನಾ ಕೇಳ್ತಾನೆ, ‘ದೊರೆಗಳು ಹಣ್ಣು ತಿಂದ್ರಾ?’ ಅಂತ. ಸಾಯೋತನಕ ಕೇಳ್ತಾನೆ.

ರಂಗಪ್ಪ: ಅದೆಲ್ಲ ಊರಾಗೆ ಅಳ್ರಿ. ಮೊದ್ಲು ಪೆಟ್ಟಿಗೆ ತೆಗೀರಿ ಇಲ್ಲಿಂದ.

ಬಸಮ್ಮನವರು ಮುಚ್ಚಳ ಎತ್ತಿದರು. ಹಣ್ಣು ಒಂದೂ ಇರಲಿಲ್ಲ. ಹುಲ್ಲಿನ ಹಾಸಿನ ಮೇಲೆ, ಚೀಪಿ ನುಣುಪಾದ ಮಾವಿನ ವಾಟೆಗಳು, ಬರೀ ಗೊರಟುಗಳು, ಸಾಲಾಗಿ ಮಲಗಿದ್ದವು.

ರಂಗಪ್ಪ: ವಾಪಸ್ ಬರೋ ದಾರಿಯಾಗೆ ಯಾರೋ ಕೈ ಹಾಕವ್ರೆ. ಪೆಟ್ಟಿಗೆ ಪೂರಾ ಹಗುರಾದ್ರೆ ಗೊತ್ತಾಗ್ತೈತೆ ಅಂತ ವಾಟೆ ಇಟ್ಟವ್ರೆ.

ಬಸಮ್ಮ: ಯಾರೋ ಒಳ್ಳೆ ಮನೆತನದೋರು. ಪೆಟ್ಟಿಗೆ ಖಾಲಿ ಕಳಿಸಿಲ್ಲ.

ಅಷ್ಟರಲ್ಲಿ ಷೆಡ್ಡಿನ ಬಾಗಿಲಲ್ಲಿ ಒಂದು ರುಮಾಲು ಕಾಣಿಸಿತು. ರುಮಾಲಿನ ಕೆಳಗೆ ತಿಪ್ಪೇರುದ್ರಪ್ಪ. ಅಂಗಡಿಯ ಮಾಲು ಬಿಡಿಸಿಕೊಳ್ಳಲು ಗಾಡಿ ಕಟ್ಟಿಕೊಂಡು ಬಂದಿದ್ದ.

ತಿಪ್ಪೇರುದ್ರಪ್ಪ: ಏನಪ್ಪ ಗಂಗಾಧರಪ್ಪ, ಲಂಡನ್ನಿಗೆ ಹೋದ ಪೆಟ್ಟಿಗೆ ಇಲ್ಲೇ ಕುಂತೈತಲ್ಲ?

ಗಂಗಾಧರಪ್ಪನವರು ಬಾಯಿ ತೆರೆದರು. ಬಸಮ್ಮನವರ ಮಾತು ಮೊದಲು ಹೊರಟಿತು.

ಬಸಮ್ಮ: ಹೋಗಿದ್ದು ಬರಬಾರ್ದೇನಣ್ಣ? ಮರ್ಯಾದಸ್ಥರು ಪೆಟ್ಟಿಗೆ ಇಟ್ಕಂತಾರಾ? ಖಾಲಿ ಬ್ಯಾಡ ಅಂತ ವಾಟೆ ಹಾಕಿ ಕಳಿಸವ್ರೆ.

ತಿಪ್ಪೇರುದ್ರಪ್ಪ: ಲಂಡನ್ನಿನ ವಾಟೆ?

ಬಸಮ್ಮ: ಚೀಟಿ ಅಂಟಿಸವ್ರೆ, ನೀವೇ ಓದ್ಕಳ್ರಿ.

ತಿಪ್ಪೇರುದ್ರಪ್ಪ ಚೀಟಿಯನ್ನು ಬಹಳ ಹೊತ್ತು ನೋಡಿದ. ಅವನಿಗೆ ಓದಲು ಬರುತ್ತಿದ್ದದ್ದು ಕನ್ನಡ, ಅದೂ ಬಿಡಿಸಿ ಬರೆದಿದ್ದರೆ.

ತಿಪ್ಪೇರುದ್ರಪ್ಪ: ಇದು ಇಂಗ್ಲೀಷೇನ್ರಿ, ಗುಮಾಸ್ತರೇ?

ರಂಗಪ್ಪ: ಇಂಗ್ಲೀಷೇ.

ಗುಮಾಸ್ತ ಸುಳ್ಳು ಹೇಳಲಿಲ್ಲ. ಷೆಡ್ಡು ಖಾಲಿಯಾಗುವುದಕ್ಕೆ ಎಷ್ಟು ಬೇಕೋ ಅಷ್ಟು ನಿಜ ಹೇಳಿದ. ತಿಪ್ಪೇರುದ್ರಪ್ಪ ಒಂದು ವಾಟೆ ಎತ್ತಿ ಮೂಸಿ ನೋಡಿದ.

ತಿಪ್ಪೇರುದ್ರಪ್ಪ: ವಾಸ್ನೇನೇ ಬ್ಯಾರೆ ಬಿಡು. ನಿಮ್ಮ ಮರದ್ದು ತಿಂದೀನಿ, ಬರೀ ನಾರು. ಇದು ನೋಡು, ಹೆಂಗೈತೆ ನುಣ್ಣಗೆ.

ಗಂಗಾಧರಪ್ಪ: ನಮ್ಮ ಮರದ್ದು ನಾರಾ? ಲೇ, ನಮ್ಮ ಮರದ...

ಬಸಮ್ಮನವರು ಗಂಡನ ಕಾಲು ತುಳಿದರು.

ಬಸಮ್ಮ: ಮಾತು ಬ್ಯಾಡ, ಅಣ್ಣ ಹೇಳೋದು ಸರಿ ಐತೆ.

ತಿಪ್ಪೇರುದ್ರಪ್ಪ: ನನಗೆ ಕೊಡ್ಸಮ್ಮ. ಹೊಲದಾಗೆ ಹಾಕ್ತೀನಿ. ಹೊಸದುರ್ಗದ ಬೀಗರಿಗೂ ಒಂದಿಷ್ಟು ಕಳಿಸ್ತೀನಿ. ವಿಲಾಯ್ತಿ ಮಾವು ಈ ಸೀಮೆಯಾಗೆ ಯಾರ ಹತ್ರ ಐತೆ?

ಬಸಮ್ಮ: ತಗಳ್ರಿ, ಎಲ್ಲಾ ತಗಳ್ರಿ. ಪೆಟ್ಟಿಗೆ ನಿಮ್ಮ ಗಾಡಿ ಮ್ಯಾಲೇ ಬರ್ಲಿ, ಚೀಟಿ ಕಾಣೋ ಹಂಗೆ. ದಾರಿಯಾಗೆ ಯಾರು ಕೇಳಿದ್ರೂ ನೀವೇ ಹೇಳ್ಬೇಕು, ನಮ್ಮೋರಿಗೆ ಜಂಬ ಬರಾಕಿಲ್ಲ. ಆದ್ರೆ ಪೆಟ್ಟಿಗೆ ನನ್ನ ತವರಿಂದು, ವಾಪಸ್ ಬರ್ಬೇಕು. ಖಾಲಿ ಬರಬಾರ್ದು.

ತಿಪ್ಪೇರುದ್ರಪ್ಪನೇ ಪೆಟ್ಟಿಗೆ ಹೊತ್ತು ಗಾಡಿಗೆ ಏರಿಸಿದ. ಗಾಡಿ ಮುಂದೆ ಹೋಯಿತು. ಎದುರಿಗೆ ಸಿಕ್ಕ ಸಂತೆಯ ಜನಕ್ಕೆ ಅವನು ಲಂಡನ್ನಿನ ವಿಷಯ ಹೇಳುತ್ತಿದ್ದದ್ದು ಹಿಂದೆ ನಡೆದು ಬರುತ್ತಿದ್ದ ಗಂಡಹೆಂಡಿರಿಗೆ ಕೇಳಿಸುತ್ತಿತ್ತು. ಗಂಗಾಧರಪ್ಪನವರ ರುಮಾಲು ಮತ್ತೆ ನೆಟ್ಟಗಾಯಿತು. ಊರ ಕೆರೆ ಕಾಣುವವರೆಗೂ ಅವರು ಏನನ್ನೋ ಯೋಚಿಸುತ್ತಲೇ ನಡೆದರು.

ಬಸಮ್ಮ: ಇನ್ನೂ ಯಾಕ್ರಿ ಮುಖ ಹಂಗೈತೆ? ಮಾನ ಉಳೀತಲ್ಲ.

ಗಂಗಾಧರಪ್ಪ: ಮಾನವೇನೋ ಉಳೀತು. ಆದ್ರೂ ಎಲ್ಲಾ ಅವನಿಗೇ ಕೊಟ್ಬಿಟ್ಟೆಯಲ್ಲೇ. ನಮ್ಮ ತೋಪಿಗೂ ಒಂದು ಲಂಡನ್ ವಾಟೆ ಇಟ್ಕಬಾರ್ದಿತ್ತಾ?